ಒಗೆಯುವ ಕಲ್ಲಿನ ಹನ್ನೊಂದು ಸಾಲು

ನಮ್ಮವರು ತೀರಿಕೊಂಡು ಒಂಬತ್ತು ತಿಂಗಳಾದ ಮೇಲೆ ಅವರ ರವಿವಾರದ ನಡಿಗೆಗೆ ನಾನು ಮೊದಲ ಸಲ ಹೋದೆ. ಲಕ್ಷ್ಮೇಶ್ವರದ ಹಳೆಯ ಗುಡಿ, ಬಸದಿ, ಕಲ್ಲುಗಳನ್ನು ಜನರಿಗೆ ತೋರಿಸಿ ವಿವರಿಸುವ ಆ ನಡಿಗೆಯನ್ನು ಶುರುಮಾಡಿದವರೇ ಅವರು. ಎಂಟು ವರ್ಷಕ್ಕೂ ಹೆಚ್ಚು ಕಾಲ ಅದು ನಮ್ಮ ಮನೆಯ ಕಟ್ಟೆಯಿಂದಲೇ ಹೊರಡುತ್ತಿತ್ತು. ಒಂದು ಸಲವೂ ನಾನು ಹೊಸ್ತಿಲು ದಾಟಿ ಹಿಂದೆ ಹೋಗಿರಲಿಲ್ಲ.

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಬಿದ್ದಾಗ ಬಾಜೂ ಮನೆಯಾಕೆ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಿ ನನ್ನನ್ನು ನೋಡಿದಳು.

"ಇದ್ದಾಗ ಕರದು ಕರದು ಸಾಕಾದ ಆ ಮನಷ್ಯಾ. ಈಗ ಹೊಂಟ್ಯೇನವಾ?"

ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನೇ ಹೇಳಿದಳು. ನಾನು ಕಟ್ಟೆ ಇಳಿದು ನಡೆದೆ.

ಯಾಕೆ ಹೋದೆ ಎಂದು ಹೇಳಬೇಕಾದರೆ ನಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಸಂಗತಿ ಹೇಳಬೇಕು.

ನನ್ನ ತವರು ಡಂಬಳ. ಅಲ್ಲಿನ ಹಳೆಯ ಗುಡಿಯ ಗೋಡೆಯ ಮೂಲೆಗಳಲ್ಲಿ ಅಡಗಿಕೊಂಡು ಆಡಿ ಬೆಳೆದವಳು ನಾನು. ಗೋಡೆ ನೇರವಾಗಿಲ್ಲ, ಮಡಿಕೆ ಮಡಿಕೆಯಾಗಿದೆ, ಅಡಗಲು ಅನುಕೂಲ. ಆ ಗುಡಿಯ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ. ಕನ್ನಡ ನಾಲ್ಕನೆಯ ಇಯತ್ತೆ ಮುಗಿಸಿದ ಮೇಲೆ ಶಾಲೆ ಬಿಡಿಸಿದರು. ಮುಂದೆ ಐದಾರು ವರ್ಷಕ್ಕೆ ಲಕ್ಷ್ಮೇಶ್ವರದ ಶಾಲೆಯ ಮಾಸ್ತರರಿಗೆ ಕೊಟ್ಟು ಮದುವೆ ಮಾಡಿದರು. ಅಕ್ಷತೆಯ ಹೊತ್ತಿಗೆ ಮದುಮಗ ಎಲ್ಲಿಯೂ ಕಾಣಲಿಲ್ಲ. ಹುಡುಕಿದವರಿಗೆ ಗುಡಿಯ ಹಿಂದೆ ಸಿಕ್ಕರು. ಬಾಸಿಂಗ ಕಟ್ಟಿಕೊಂಡೇ ಒಂದು ಕಲ್ಲಿನ ಮುಂದೆ ಕೂತು ಅಕ್ಷರ ಓದುತ್ತಿದ್ದರಂತೆ.

"ಏ, ಮದುಮಗ ಕಲ್ಲಿಗೆ ತಾಳಿ ಕಟ್ಟಾಕ ಹೋಗ್ಯಾನೋ," ಎಂದು ನನ್ನ ಸೋದರಮಾವ ಚಪ್ಪರದಲ್ಲೇ ಕೂಗಿ ಹೇಳಿದರು. ಎಲ್ಲರೂ ನಕ್ಕರು. ನಾನು ತಲೆ ಬಗ್ಗಿಸಿ ಕೂತಿದ್ದೆ. ಅವತ್ತಿನಿಂದ ನನಗೆ ಅವರ ಕಲ್ಲಿನ ಹುಚ್ಚು ಎಂದರೆ ನಾಚಿಕೆ. ಬೇರೆಯವರ ಗಂಡಂದಿರು ಜಮೀನು ನೋಡುತ್ತಾರೆ, ಅಂಗಡಿ ನೋಡುತ್ತಾರೆ. ನನ್ನ ಗಂಡ ಕಲ್ಲು ನೋಡುತ್ತಾನೆ ಎಂದು ತವರಿನಲ್ಲಿ ಯಾರ ಮುಂದೂ ಹೇಳುತ್ತಿರಲಿಲ್ಲ.

ಆಗ ನಮ್ಮೂರು ಒಂದು ಸಂಸ್ಥಾನಕ್ಕೆ ಸೇರಿತ್ತು, ಹತ್ತಿರದ ಶಿರಹಟ್ಟಿ ಮತ್ತೊಂದಕ್ಕೆ. ಗದಗಿನಲ್ಲಿ ಇಂಗ್ಲಿಷರ ಆಡಳಿತ. ಮುಂಡರಗಿ ದಾಟಿದರೆ ನಿಜಾಮರ ಸೀಮೆ. ತವರಿಗೆ ಹೋಗಿ ಬರುವುದೆಂದರೆ ಎರಡು ಸರಕಾರಗಳನ್ನು ದಾಟುವುದು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಶಾಲೆಯ ಮುಂದೆ ಝೆಂಡಾ ಏರಿಸಿದ ಮೇಲೆ ನಮ್ಮವರು ಊರಿನವರನ್ನು ಕೂಡಿಸಿ, "ಇದು ಸಾವಿರ ವರ್ಷದ ಹಿಂದ ಪುಲಿಗೆರೆ ಅಂತ ಹೆಸರಾದ ಊರು. ಇಲ್ಲೀ ಕಲ್ಲು ಕಲ್ಲಿನ ಮ್ಯಾಲೂ ಕನ್ನಡ ಐತಿ. ನಮ್ಮೂರ ನಾವ ನೋಡಿಲ್ಲ. ರವಿವಾರ ಬರ್ರಿ, ನೋಡೂಣು," ಎಂದರು. ಮೊದಲ ರವಿವಾರ ಬಹಳ ಜನ ಬಂದಿದ್ದರು. ಸೋಮೇಶ್ವರನ ಗುಡಿಯ ಪೌಳಿ, ಒಳಗಿನ ಬಾವಿ, ಬಸದಿಗಳು, ಯಾರ ಯಾರದೋ ಮನೆಯ ಮೆಟ್ಟಿಲಾಗಿ ಕೂತ ಕಲ್ಲುಗಳು, ಎಲ್ಲ ತೋರಿಸಿ ತಂದರು. ಹೊರಡುವಾಗ ಪ್ರತಿ ಸಲ ಅಡುಗೆಮನೆಯ ಬಾಗಿಲಿಗೆ ಬಂದು, "ಬರ್ತೀಯೇನು?" ಎಂದು ಕೇಳುತ್ತಿದ್ದರು. "ರೊಟ್ಟಿ ಯಾರು ಬಡೀಬೇಕು?" ಎಂದು ನಾನು ಕೇಳುತ್ತಿದ್ದೆ. ಮನೆಯಲ್ಲಿದ್ದದ್ದು ಅತ್ತೆ, ಅವರು, ನಾನು, ಮೂವರೇ. ರೊಟ್ಟಿ ಅಷ್ಟು ಹೊತ್ತಿನ ಕೆಲಸವೇನೂ ಆಗಿರಲಿಲ್ಲ.

ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿದ ವರ್ಷ, ಚಳಿಗಾಲದ ಒಂದು ಬೆಳಿಗ್ಗೆ, ಅತ್ತೆ ಹಿತ್ತಲಿನ ಒಗೆಯುವ ಕಲ್ಲು ಪಾಚಿಗಟ್ಟಿದೆ, ಕಾಲು ಜಾರುತ್ತದೆ ಎಂದರು. ನಮ್ಮವರು ಬೂದಿ, ತೆಂಗಿನ ನಾರು ಹಿಡಿದು ತಿಕ್ಕಲು ಕೂತರು. ಆ ಕಲ್ಲು ಬಚ್ಚಲ ಮೂಲೆಯಲ್ಲಿ ಓರೆಯಾಗಿ ನೆಟ್ಟದ್ದು, ಕೆಳಗಿನ ತುದಿ ಮಣ್ಣಲ್ಲಿ ಹೂತಿತ್ತು. ಅವರ ತಾತನ ಕಾಲದಿಂದ ಅಲ್ಲೇ ಇತ್ತು. ತಿಕ್ಕುತ್ತಾ ತಿಕ್ಕುತ್ತಾ ಕೈ ನಿಲ್ಲಿಸಿದರು. ಎಳೆಬಿಸಿಲು ಬಾಜೂ ಗೋಡೆಯ ಮೇಲಿಂದ ಓರೆಯಾಗಿ ಬಿದ್ದಾಗ ಕಲ್ಲಿನ ಮೇಲೆ ಅಕ್ಷರ ಎದ್ದವು. ಬಿಸಿಲು ಏರಿದ ಕೂಡಲೇ ಮತ್ತೆ ಕಾಣದಾದವು.

ಆಮೇಲೆ ಎಂಟು ದಿನ, ಬಿಸಿಲು ಓರೆಯಾಗಿರುವ ಹೊತ್ತಿಗೆಲ್ಲ ಅವರು ಅಲ್ಲೇ ಕೂತಿರುತ್ತಿದ್ದರು. ಕಣ್ಣಳತೆಯಲ್ಲಿ ನೋಡಿ ಪೆನ್ಸಿಲ್ಲಿನಿಂದ ವಹಿಯಲ್ಲಿ ಬರೆದುಕೊಂಡರು. ಹನ್ನೊಂದು ಸಾಲು. ಗೊತ್ತಾಗದ ಕಡೆ ಚುಕ್ಕಿ ಇಟ್ಟಿದ್ದರು.

"ಇದರಾಗ ಒಬ್ಬಾಕಿ ಹೆಣ್ಮಗಳ ಸುದ್ದಿ ಐತಿ," ಎಂದು ಒಂದು ದಿನ ಊಟಕ್ಕೆ ಕೂತಾಗ ಹೇಳಿದರು. "ಕೆರಿಯಿಂದ ಓಣಿಗೆ ನೀರ ಬರ್ಲೆಂತ ಭೂಮಿ ಬಿಟ್ಟಾಳ. ಹೆಸರು ಪೂರಾ ಸಿಕ್ಕಿಲ್ಲ. ಮೊದಲಿನ ಎರಡ ಅಕ್ಷರ ಸಿಕ್ಕಾವ. ಕಾಗದದಾಗ ಅಚ್ಚು ತಗದ್ರ ಪೂರಾ ಸಿಗತೈತಿ."

ಅಚ್ಚು ತೆಗೆಯುವುದೆಂದರೆ ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತುವುದು. ಕೊರೆದ ಅಕ್ಷರಗಳು ಮಸಿ ಹತ್ತದೆ ಬೆಳ್ಳಗೆ ಉಳಿಯುತ್ತವೆ. ಅದನ್ನು ಬಲ್ಲವರೊಬ್ಬರು ಧಾರವಾಡದಲ್ಲಿದ್ದರು, ಈ ಸೀಮೆಯ ಶಾಸನಗಳ ಪಟ್ಟಿ ಮಾಡುತ್ತಿದ್ದ ವಿದ್ವಾಂಸರು. ನಮ್ಮವರು ಅವರಿಗೆ ಕಾಗದ ಬರೆದರು. ಅವರು ಬರುವುದಾಗಿ ಉತ್ತರ ಬರೆದರು. ಆ ಕಾರ್ಡನ್ನು ನಮ್ಮವರು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೇ ಶಾಲೆಗೆ ಹೋಗುತ್ತಿದ್ದರು.

ಧಾರವಾಡದವರು ಬರುವ ಒಂದು ವಾರ ಮೊದಲಿನ ರವಿವಾರ. ನಾನು ಹೊರಗಾಗಿದ್ದೆ. ಆ ಮೂರು ದಿನ ಹೆಂಗಸು ಮನೆಯೊಳಗೆ ಬರುವ ಹಾಗಿಲ್ಲ. ಹಿತ್ತಲಿನಲ್ಲಿ ಕಟ್ಟಿಗೆ ಒಟ್ಟುವ ತಗಡಿನ ಚಪ್ಪರವಿತ್ತು, ಅದರ ಕೆಳಗೆ ಚಾಪೆ, ತಂಬಿಗೆ, ತಾಟು ಇಟ್ಟುಕೊಂಡು ಕೂಡಬೇಕು. ನಮ್ಮ ಅತ್ತೆ ಇದರಲ್ಲಿ ಬಹಳ ಕಟ್ಟುನಿಟ್ಟು. ಅವತ್ತು ಎರಡನೆಯ ದಿನ. ನನ್ನ ಬಟ್ಟೆಗಳನ್ನು ಒಗೆದು ಕಟ್ಟಿಗೆಯ ಮೇಲೆ ಹರವಿದ್ದೆ. ನಡುಮಧ್ಯಾಹ್ನ ಹಿತ್ತಲ ಬಾಗಿಲು ತೆರೆಯಿತು. ನಮ್ಮವರು ಮುಂದೆ, ಹಿಂದೆ ನಡಿಗೆಯ ಅಷ್ಟೂ ಗಂಡಸರು.

ಒಳಗಿನಿಂದ ಅತ್ತೆ, "ಏ, ಅತ್ತಾಗ ಹೋಗಬ್ಯಾಡ್ರೋ," ಎನ್ನುವಷ್ಟರಲ್ಲಿ ಎಲ್ಲರೂ ಬಂದು ಕಲ್ಲಿನ ಸುತ್ತ ನಿಂತಾಗಿತ್ತು. ನಾನು ಬಟ್ಟೆ ಎಳೆದುಕೊಂಡು ಕಟ್ಟಿಗೆಯ ಹಿಂದೆ ಸರಿದು ಗೋಡೆಗೆ ಮುಖ ಮಾಡಿ ಕೂತೆ. ನಮ್ಮವರು ಹೇಳುತ್ತಿದ್ದರು: ಎಂಥ ಕಾಲದ ಅಕ್ಷರ, ಯಾವ ರಾಜನ ಆಳ್ವಿಕೆ, ಆ ಹೆಣ್ಣುಮಗಳು, ನೀರು.

"ಮಾಸ್ತರ, ನಮಗ ಅಕ್ಷರ ಏನೂ ಕಾಣವಲ್ದಲ್ರೀ," ಎಂದಿತು ಒಂದು ದೊಡ್ಡ ಧ್ವನಿ. ಪೇಟೆಯ ಅರಿವೆ ಅಂಗಡಿಯವನು. "ಸಬಕಾರದ ನೊರಿ ಕಾಣತೈತಿ."

"ಈಗ ಬಿಸಲು ನೆತ್ತೀ ಮ್ಯಾಲ ಐತ್ರಿ. ಮುಂದಿನ ರವಿವಾರ ಮುಂಜಾನೆ ಬರ್ರಿ. ಧಾರವಾಡದವರೂ ಬರ್ತಾರ, ಅಚ್ಚು ತಗೀತಾರ. ಆವಾಗ ಕಾಣತೈತಿ."

"ಸಾವಿರ ವರ್ಷದ ಶಾಸನದ ಮ್ಯಾಲ ಧೋತರ ಒಗಿಸ್ತೀರಿ ಅಂದ್ರ ಖರೇ ರಾಜರು ನೀವ ಬಿಡ್ರಿ."

ನಗು. ಆ ನಗುವಿನ ನಡುವೆ ಇನ್ನೊಬ್ಬರು ದನಿ ತಗ್ಗಿಸಿ, "ಅಲ್ಲಿ ಹಿಂದ ಯಾರೋ ಕುಂತಾರ," ಎಂದರು. ನಗು ಕಡಿಯಿತು. ಚಪ್ಪಲಿಗಳ ಸಪ್ಪಳ ಬಾಗಿಲ ಕಡೆ ಹೋಯಿತು. ಅವರೆಲ್ಲ ಹೋದ ಮೇಲೂ ನಾನು ಬಹಳ ಹೊತ್ತು ಗೋಡೆಯಿಂದ ಮುಖ ತಿರುಗಿಸಲಿಲ್ಲ.

ಮೂರು ದಿನ ಕಳೆದು ಬುಧವಾರ ಬಾವಿಗೆ ಹೋದಾಗ ಹೆಂಗಸರು ಹಗ್ಗ ಬಿಟ್ಟು ನನ್ನನ್ನೇ ನೋಡಿದರು. "ಏನವಾ, ನಿಮ್ಮ ಬಚ್ಚಲಾ ನೋಡಾಕ ಧಾರವಾಡದಿಂದ ಮಂದಿ ಬರ್ತಾರಂತಲ್ಲ? ನಮಗೂ ಬಿಡ್ತೀರೇನು, ಟಿಕೀಟ ಇಟ್ಟೀರೇನು?"

ಮನೆಗೆ ಬಂದು ಕೊಡ ಇಳಿಸಿ ನಮ್ಮವರ ಮುಂದೆ ನಿಂತೆ.

"ನಿಮಗ ನಾಚಿಕಿ ಬರೂದಿಲ್ಲೇನ್ರಿ?"

"ತಪ್ಪಾತು. ನೀ ಅಲ್ಲಿ ಕುಂತೀ ಅನ್ನೂದು ನನ್ನ ಲಕ್ಷ್ಯಕ್ಕ ಬರಲಿಲ್ಲ."

"ಸಾವಿರ ವರ್ಷದ ಹಿಂದಿನಾಕಿ ಲಕ್ಷ್ಯಕ್ಕ ಬರ್ತಾಳ. ಮನ್ಯಾನಾಕಿ ಬರೂದಿಲ್ಲ."

ಅವರು ತಲೆ ಬಗ್ಗಿಸಿದರು. "ಇದೊಂದು ರವಿವಾರ ತಡಕೋ. ಅಚ್ಚು ತಗದಿಂದ ಆ ಕಲ್ಲು ಇಲ್ಲಿ ಇರೂದ ಇಲ್ಲ, ಧಾರವಾಡದ ಮ್ಯೂಸಿಯಮ್ಮಿಗೆ ಹೋಗತೈತಿ. ನಿನಗ ಬ್ಯಾರೆ ಕಲ್ಲು ಹಾಕಸ್ತೀನಿ," ಎಂದರು.

ಕೇಳಿದ್ದು ಒಂದು ರವಿವಾರ. ನಾನು ಅಷ್ಟೂ ತಡೆಯಲಿಲ್ಲ.

ಮರುದಿನ ಗುರುವಾರ. ಬೀಸುವ ಕಲ್ಲು, ಒಳಕಲ್ಲುಗಳಿಗೆ ಉಳಿ ಹಾಕುವ ಹೆಂಗಸು ಓಣಿಯಲ್ಲಿ ಕೂಗುತ್ತಾ ಬಂದಳು. ಕಲ್ಲು ಸವೆದು ನುಣ್ಣಗಾದರೆ ಕಾಳು ಜಾರುತ್ತದೆ, ಹಿಟ್ಟು ಸಣ್ಣಗೆ ಬೀಳುವುದಿಲ್ಲ. ಇವಳು ಉಳಿಯಿಂದ ಮೈತುಂಬ ಸಣ್ಣ ಸಣ್ಣ ಪೆಟ್ಟು ಹಾಕಿ ಮತ್ತೆ ಒರಟು ಮಾಡಿಕೊಡುವಳು. ವರ್ಷಕ್ಕೆರಡು ಸಲ ಬರುವವಳು. ಅತ್ತೆ ಕೀರ್ತನೆಗೆ ಹೋಗಿದ್ದರು, ನಮ್ಮವರು ಶಾಲೆಯಲ್ಲಿದ್ದರು. ಬೀಸುವ ಕಲ್ಲಿನ ಕೆಲಸ ಮುಗಿಯಿತು. ಅವಳು ಉಳಿ ಸುತ್ತಿ ಇಡುವ ಹೊತ್ತಿಗೆ ನಾನು ಹಿತ್ತಲಿಗೆ ಕರೆದೆ.

"ಈ ಒಗಿಯೂ ಕಲ್ಲಿಗೂ ಹಾಕು. ಅರಿವಿ ಜಾರತಾವ."

ಅವಳು ಕೂತು ಕಲ್ಲಿನ ಮೇಲೆ ಕೈ ಆಡಿಸಿದಳು. ದಿನವೂ ಕಲ್ಲು ಮುಟ್ಟುವ ಕೈ ಅದು. ಪೇಟೆಯವನ ಕಣ್ಣಿಗೆ ಕಾಣದ್ದು ಅವಳ ಬೆರಳಿಗೆ ಸಿಕ್ಕಿತು.

"ಯವ್ವಾ, ಇದರಾಗ ಏನೋ ಕೊರದಂಗ ಐತಲ್ಲ. ದೇವರ ಕಲ್ಲೇನ ಇದು?"

"ದೇವರೂ ಇಲ್ಲ ಏನೂ ಇಲ್ಲ. ನೀ ಹಾಕು."

"ನೋಡವಾ, ಆಮ್ಯಾಲ ನನ್ನ ಬೈಬ್ಯಾಡ್ರಿ."

"ನಾ ಹೇಳೀನಲ್ಲ, ಹಾಕು."

ಹಾಕಿದಳು. ನಾನು ಪಕ್ಕದಲ್ಲೇ ನಿಂತು ಮೇಲಿನಿಂದ ಮಣ್ಣಿನವರೆಗೆ ಹಾಕಿಸಿದೆ. ಕಲ್ಲಿನ ಪುಡಿಯನ್ನು ನೀರು ಹಾಕಿ ತೊಳೆದೆ. ಮೈ ಹಗುರಾದ ಹಾಗೆ ಅನಿಸಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಸಂಜೆ ನಮ್ಮವರು ಶಾಲೆಯಿಂದ ಬಂದು ಕಾಲು ತೊಳೆಯಲು ಹಿತ್ತಲಿಗೆ ಹೋದರು. ತಂಬಿಗೆಯ ಸಪ್ಪಳ ಬರಲಿಲ್ಲ. ನಾನು ಬಾಗಿಲಲ್ಲಿ ಹೋಗಿ ನಿಂತೆ. ಅವರು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಅಂಗೈಗಳನ್ನು ಅದರ ಮೇಲೆ ಇಟ್ಟಿದ್ದರು.

"ಯಾವಾಗ ಬಂದಿದ್ಲು?" ಎಂದರು, ತಿರುಗಿ ನೋಡದೆ.

"ಮಧ್ಯಾಹ್ನ."

"ಬೀಸೂ ಕಲ್ಲಿಗೂ ಹಾಕಿದ್ಲೇನು?"

"ಹಾಕಿದ್ಲು."

"ಛಲೋ ಆತು. ಹಿಟ್ಟು ಸಣ್ಣ ಬೀಳತೈತಿ."

ಇಷ್ಟೇ. ಬೈಯುತ್ತಾರೆ, ಅದಕ್ಕೆ ಹೀಗೆ ಹೀಗೆ ಉತ್ತರ ಕೊಡಬೇಕು ಎಂದು ಮಧ್ಯಾಹ್ನದಿಂದ ಮಾತು ಕೂಡಿಸಿ ಇಟ್ಟುಕೊಂಡಿದ್ದೆ. ಒಂದೂ ಬೇಕಾಗಲಿಲ್ಲ.

ಶನಿವಾರ ಮುಂಜಾನೆ ಅವರೇ ಹಾರೆ ಹಿಡಿದು ಕಲ್ಲನ್ನು ಕಿತ್ತರು. ನಾನು ಒಲೆಯ ಮುಂದೆ ಕೂತು ಹಾರೆಯ ಸಪ್ಪಳ ಕೇಳುತ್ತಿದ್ದೆ. ನಡುವೆ ಒಳಗೆ ಬಂದು ಒಂದು ಬಕೀಟು ನೀರು ಒಯ್ದರು. ಆಮೇಲೆ ಬಹಳ ಹೊತ್ತು ಸಪ್ಪಳವೇ ಇರಲಿಲ್ಲ. ಕೈ ಕಾಲು ತೊಳೆಯುತ್ತಿರಬೇಕು ಎಂದುಕೊಂಡೆ. ಮತ್ತೆ ಹಾರೆಯ ಸಪ್ಪಳ. ಹೋಗಿ ನೋಡಿದಾಗ ಕಲ್ಲನ್ನು ಬೋರಲು ಹಾಕಿ, ಹಿಂದಿನ ಮೈ ಮೇಲೆ ಮಾಡಿ, ನೆಲಕ್ಕೆ ಸರಿಯಾಗಿ ಕೂಡಿಸಿದ್ದರು.

ರವಿವಾರ ಬಂದವರನ್ನೆಲ್ಲ ಕಟ್ಟೆಯ ಮೇಲೆ ಕೂಡಿಸಿ, "ನಾನು ನೋಡಿದ್ದು ತಪ್ಪಾಗಿತ್ರಿ. ಅವು ಅಕ್ಷರ ಅಲ್ಲ. ಹಳೇ ಉಳೀ ಗುರುತು," ಎಂದರು. ಧಾರವಾಡದವರೂ ಬಂದಿದ್ದರು, ಕಾಗದ ಬ್ರಷ್ಷುಗಳ ಚೀಲ ಹಿಡಿದು. ಅವರು ಚೀಲ ಬಿಚ್ಚಲೇ ಇಲ್ಲ. ಚಹಾ ಕುಡಿದು ಸಂಜೆಯ ಮೋಟಾರಿಗೆ ಹೋದರು. ಮಾತಾಡಿದವನು ಅರಿವೆ ಅಂಗಡಿಯವನೇ. "ಇಲ್ಲದ್ದು ಓದೂ ಮಾಸ್ತರ," ಎಂದ. ಆ ಹೆಸರು ಊರಲ್ಲಿ ನಿಂತಿತು.

ಆ ಹೆಸರಿನ ಜೊತೆ ಅವರು ಏಳೆಂಟು ವರ್ಷ ಬದುಕಿದರು. ನಡಿಗೆಗೆ ಬರುವವರು ಮೂರು ನಾಲ್ಕು ಮಂದಿಗೆ ಇಳಿದರು. ಶಾಸನಗಳ ಪಟ್ಟಿ ತಯಾರಾದಾಗ ನಮ್ಮವರು ಓದಿ ಕಳಿಸಿದ ಇತರ ಕಲ್ಲುಗಳೂ ಅದರಲ್ಲಿ ಸೇರಲಿಲ್ಲ. ಒಂದು ಕಡೆ ಇಲ್ಲದ್ದನ್ನು ಓದಿದವನು ಇನ್ನೊಂದು ಕಡೆ ಇದ್ದದ್ದನ್ನು ಓದಿದ್ದಾನೆ ಎಂದು ಹೇಗೆ ನಂಬುವುದು ಎಂದು ಯಾರೋ ಕೇಳಿದರಂತೆ. ಹುಲಕೋಟಿಯಲ್ಲಿ ಕನ್ನಡ ನಾಡು ಒಂದಾಗಬೇಕೆಂಬ ಸಭೆ ನಡೆದಾಗ ಊರಿನ ಹಳೆಯ ಇತಿಹಾಸದ ಬಗ್ಗೆ ಮಾತಾಡಲು ಬೇರೆಯವರನ್ನು ಕರೆದರು. ಇವರು ಕೆಳಗೆ ಜಮಖಾನೆಯ ಮೇಲೆ ಕೂತು ಕೇಳಿ ಬಂದರು. ಒಂದು ಮಾತಿನಿಂದ ಇದನ್ನೆಲ್ಲ ನಾನು ತೊಡೆದುಹಾಕಬಹುದಿತ್ತು. ಅಕ್ಷರ ಇದ್ದವು, ನಾನು ಕೆಡಿಸಿದೆ ಎಂದು ಕಟ್ಟೆಯ ಮೇಲೆ ನಿಂತು ಹೇಳಿದ್ದರೆ ಸಾಕಿತ್ತು. ಬಾವಿಗೆ ಹೋದಾಗ ಹೆಂಗಸರು ಏನನ್ನುತ್ತಾರೋ ಎಂದು ಹೇಳಲಿಲ್ಲ. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಒಮ್ಮೆ ಅವರು ನನ್ನನ್ನು ಧಾರವಾಡಕ್ಕೆ ಕರೆದೊಯ್ದರು. ಗುಡಗೇರಿಗೆ ಹೋಗಿ ರೈಲು ಹಿಡಿದಿದ್ದೆವು. ಮ್ಯೂಸಿಯಂ ಎಂದರೆ ಏನು ಎಂದು ನಾನು ನೋಡಿದ್ದು ಅವತ್ತೇ. ತಣ್ಣಗಿನ ಉದ್ದನೆಯ ಕೋಣೆ, ಗೋಡೆಗೆ ಒರಗಿಸಿ ನಿಲ್ಲಿಸಿದ ಕಲ್ಲುಗಳು, ಪ್ರತಿಯೊಂದರ ಕೆಳಗೆ ಬಿಳಿ ಕಾರ್ಡು. ಒಂದು ಶಾಸನದ ನಟ್ಟನಡುವೆ ಬೋಗುಣಿಯಷ್ಟು ಗುಂಡಿ ಇತ್ತು. ಯಾರೋ ಅದನ್ನು ಒಳಕಲ್ಲು ಮಾಡಿಕೊಂಡಿದ್ದರು. ಅಕ್ಷರಗಳು ಗುಂಡಿಯ ಅಂಚಿನವರೆಗೆ ಬಂದು ನಿಂತಿದ್ದವು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನಮ್ಮವರು ನಿಂತು ನೋಡಿ, "ಯಾರೋ ಪಾಪ ಖಾರ ಕುಟ್ಟಾಕ ಮಾಡ್ಕೊಂಡಾರ. ಮನ್ಯಾಗ ಬ್ಯಾರೆ ಕಲ್ಲು ಇರಲಿಲ್ಲೇನೋ," ಎಂದರು. ನನ್ನ ಕಡೆ ನೋಡಲಿಲ್ಲ. ನಾನು ಹೇಳುವುದಾದರೆ ಆಗ ಹೇಳಬೇಕಿತ್ತು. ಸುತ್ತ ಯಾರೂ ಇರಲಿಲ್ಲ, ಅವರು ಕೇಳುವುದಕ್ಕೆ ನಿಂತ ಹಾಗೇ ನಿಂತಿದ್ದರು. "ಗಾಡೀಗೆ ಹೊತ್ತಾತು," ಎಂದೆ. "ಹೌದು, ನಡಿ," ಎಂದರು.

ಕನ್ನಡ ನಾಡು ಒಂದಾಗುವ ಮೊದಲಿನ ಮಳೆಗಾಲದಲ್ಲಿ ಅವರಿಗೆ ಕಾಮಣಿಯಾಯಿತು. ಇಪ್ಪತ್ತು ದಿನ ಮಲಗಿ ತೀರಿಕೊಂಡರು. ಅತ್ತೆ ಅದಕ್ಕೂ ಎರಡು ವರ್ಷ ಮುಂಚೆಯೇ ಹೋಗಿದ್ದರು. ಮಾತು ಬಿಡುವ ಮೊದಲು ಅವರು ಹೇಳಿದ್ದು ಶಾಲೆಯ ಗಡಿಯಾರಕ್ಕೆ ಕೀಲಿ ಕೊಡಲು ಯಾರಿಗಾದರೂ ಹೇಳಬೇಕು ಎಂಬುದು. ಕಲ್ಲಿನ ಮಾತೇ ಬರಲಿಲ್ಲ. ನವೆಂಬರಿನಲ್ಲಿ ಊರಲ್ಲಿ ಮೆರವಣಿಗೆಯಾಯಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಗದಗ, ಮುಂಡರಗಿಯ ಆಚೆಯ ಊರುಗಳು, ಎಲ್ಲ ಒಂದೇ ರಾಜ್ಯ. ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತಿದ್ದೆ.

ಅವರ ವಹಿಗಳನ್ನು ತೆರೆಯಲು ನನಗೆ ಆರು ತಿಂಗಳು ಬೇಕಾಯಿತು. ಆ ಪುಟ ಸಿಕ್ಕಿತು. ಪೆನ್ಸಿಲ್ಲಿನಲ್ಲಿ ಹನ್ನೊಂದು ಸಾಲು, ಚುಕ್ಕಿಗಳ ಸಮೇತ. ಅದರ ಕೆಳಗೆ ಶಾಯಿಯಲ್ಲಿ ಇನ್ನೆರಡು ಸಾಲು. ಪಕ್ಕದಲ್ಲಿ ಆ ಶನಿವಾರದ ತಾರೀಖು. ಈ ಎರಡರಲ್ಲಿ ಒಂದೂ ಚುಕ್ಕಿ ಇರಲಿಲ್ಲ. ಅಕ್ಷರಗಳನ್ನು ಕೂಡಿಸಿ ಓದಿದೆ. ಹಳೆಯ ಕನ್ನಡ, ಅರ್ಥವಾಗಲಿಲ್ಲ. ಆದರೆ ಅವು ಎಲ್ಲಿಂದ ಬಂದವು ಎಂದು ಅರ್ಥವಾಯಿತು. ಮಣ್ಣಲ್ಲಿ ಹೂತಿದ್ದ ಭಾಗಕ್ಕೆ ಉಳಿ ತಾಗಿರಲಿಲ್ಲ. ಅವತ್ತು ಒಯ್ದ ನೀರಿನಿಂದ ಅವರು ಕೈ ತೊಳೆದಿರಲಿಲ್ಲ.

ಅಂದರೆ ತಾವು ಸುಳ್ಳು ಓದಿಲ್ಲ ಎಂಬುದಕ್ಕೆ ಅವರ ಕೈಯಲ್ಲಿ ಸಾಕ್ಷಿ ಇತ್ತು. ಅದನ್ನು ತಾವೇ ಬೋರಲು ಹಾಕಿದರು. ಮೇಲೆತ್ತಿ ತೋರಿಸಿದ್ದರೆ, ಉಳಿದ ಸಾಲುಗಳನ್ನು ಯಾರು ಕೆಡಿಸಿದರು ಎಂದು ಊರು ಕೇಳುತ್ತಿತ್ತು. ಅವರು ಬೋರಲು ಹಾಕಿದ ಕಲ್ಲಿನ ಮೇಲೆ ಅಷ್ಟು ವರ್ಷ ನಾನು ಅವರ ಧೋತರ ಒಗೆದೆ.

ಆ ಎರಡು ಸಾಲಿನ ಅರ್ಥ ತಿಳಿಯಲು ನಾನು ನಡಿಗೆಗೆ ಹೋದದ್ದು. ಈಗ ಅದನ್ನು ನಡೆಸುತ್ತಿದ್ದವನು ನಮ್ಮವರ ಕೈಯಲ್ಲೇ ಕಲಿತು ಅದೇ ಶಾಲೆಗೆ ಮಾಸ್ತರನಾಗಿ ಬಂದವನು. ಹೊಸ ರಾಜ್ಯದ ಹುರುಪಿನಲ್ಲಿ ಮತ್ತೆ ಜನ ಕೂಡುತ್ತಿದ್ದರು. ಶಾಲೆಯ ಒಂದು ಕೋಣೆಯಲ್ಲಿ ಊರಿನ ಬಿಡಿ ಕಲ್ಲುಗಳನ್ನೆಲ್ಲ ತಂದಿಟ್ಟು ಸಣ್ಣ ಮ್ಯೂಸಿಯಂ ಮಾಡುತ್ತಿದ್ದರು. ಸೋಮೇಶ್ವರನ ಗುಡಿಯಲ್ಲಿ ಎಷ್ಟೋ ಸಲ ದೀಪ ಹಚ್ಚಿ ಬಂದಿದ್ದೆ. ಪೌಳಿಗೆ ಬಳಸಿದ ಕಲ್ಲು ಯಾವುದು, ಬಾವಿಯ ಮೆಟ್ಟಿಲು ಯಾವ ಕಾಲದ್ದು ಎಂದು ಅವತ್ತೇ ತಿಳಿದದ್ದು. ಅವನು ಮಾತಾಡುವಾಗ ನಡುನಡುವೆ ನಮ್ಮವರ ಮಾತಿನ ಧಾಟಿ ಬರುತ್ತಿತ್ತು. ಅದನ್ನು ನಾನು ಇವನ ಬಾಯಿಂದ ಕೇಳಬೇಕಾಯಿತು.

ಬಾವಿಯ ಹತ್ತಿರದ ಒಂದು ಶಾಸನದ ಮುಂದೆ ನಿಂತು ಅವನು ಹೇಳಿದ: "ಎಲ್ಲಾ ದಾನಶಾಸನದ ಕಡೀಗೆ ಒಂದು ಮಾತು ಇರತೈತ್ರಿ. ಇದನ್ನ ಕೆಡಿಸಿದವರಿಗೆ ಕಾಶಿಯೊಳಗ ಸಾವಿರ ಆಕಳಾ ಕೊಂದ ಪಾಪ ಅಂತ. ಕಲ್ಲು ಉಳೀಲಿ ಅಂತ ಹಾಕಿದ ಶಾಪ ಅದು." ಆಮೇಲೆ ಆ ಹಳೆಯ ಮಾತುಗಳನ್ನು ಹಾಗೇ ಓದಿದ. ವಹಿಯ ಆ ಎರಡು ಸಾಲನ್ನು ಮೂರು ತಿಂಗಳಿಂದ ದಿನವೂ ಓದುತ್ತಿದ್ದೆ, ನನಗೆ ಬಾಯಿಪಾಠವಾಗಿತ್ತು. ಅವನು ಮುಗಿಸುವ ಮೊದಲೇ ಮುಂದಿನ ಮಾತು ನನ್ನ ಬಾಯಲ್ಲಿತ್ತು.

ನಮ್ಮವರು ಪ್ರತಿ ರವಿವಾರ ಊರವರಿಗೆಲ್ಲ ಇದನ್ನು ವಿವರಿಸಿರಬೇಕು. ಮನೆಯಲ್ಲಿ ನನ್ನೆದುರಿಗೆ ಒಂದು ಸಲವೂ ಈ ಮಾತು ಎತ್ತಿರಲಿಲ್ಲ.

ಜನ ಚೆದುರಿದ ಮೇಲೆ ಆ ಮಾಸ್ತರನನ್ನು ಕರೆದೆ. "ತಮ್ಮಾ, ನಾಳೆ ಮುಂಜಾನೆ ನಾಲ್ಕ ಮಂದೀನ್ನ ಕರಕೊಂಡು ನಮ್ಮ ಹಿತ್ತಲಕ ಬಾ. ಒಂದು ಕಲ್ಲು ಹೊಳ್ಳಿಸೂದೈತಿ."

ಬಂದು ಕಲ್ಲನ್ನು ಮಗುಚಿದರು. ಮಣ್ಣು ತೊಳೆದಾಗ ಮೈತುಂಬ ಉಳಿಪೆಟ್ಟು, ಕೆಳಗೆ ಎರಡು ಸಾಲು ಸ್ವಚ್ಛ ಅಕ್ಷರ. ಅವನು ವಹಿಯನ್ನು ಪಕ್ಕದಲ್ಲಿಟ್ಟು ನೋಡಿದ. ಅಕ್ಷರಕ್ಕೆ ಅಕ್ಷರ ಕೂಡಿತು. ಅವನ ಕಣ್ಣಲ್ಲಿ ನೀರು ಬಂತು. "ನಮ್ಮ ಮಾಸ್ತರು ತಪ್ಪು ಓದಿದ್ದಿಲ್ಲ," ಎಂದ.

"ಓದಿದ್ದಿಲ್ಲ," ಎಂದೆ. "ನಾ ಕೆಡಿಸಿದೆ. ಅವರಿಗೆ ಗೊತ್ತಿತ್ತು." ಎಲ್ಲವನ್ನೂ ಹೇಳಿದೆ, ಕಟ್ಟಿಗೆಯ ಹಿಂದೆ ಕೂತದ್ದು, ಬಾವಿಯ ಮಾತು, ಗುರುವಾರ.

ಅವನು ವಹಿಯನ್ನು ಮುಚ್ಚಿ ನನ್ನ ಕೈಗೆ ಕೊಟ್ಟ. "ಬಿಡ್ರಿ ಅವ್ವಾರ. ಆವಾಗ ಹೆಣ್ಮಕ್ಕಳಿಗೆ ಇದರ ಕಿಮ್ಮತ್ತು ಏನು ಗೊತ್ತಿತ್ತು?"

"ನನಗ ಗೊತ್ತಿತ್ತೋ. ಊಟಕ್ಕ ಕುಂತಾಗ ಹೇಳಿದ್ರು. ಆಕಿ ಹೆಸರಿನ ಎರಡ ಅಕ್ಷರ ಸಿಕ್ಕಾವ, ಉಳದದ್ದು ಸಿಗತೈತಿ ಅಂದಿದ್ರು. ಗೊತ್ತಿದ್ದ ಮಾಡೀನಿ."

ಕಲ್ಲು ಶಾಲೆಯ ಕೋಣೆಗೆ ಹೋಯಿತು. ಧಾರವಾಡದಿಂದ ಬೇರೊಬ್ಬರು ಬಂದು ಎರಡು ಸಾಲಿನ ಅಚ್ಚು ತೆಗೆದರು. ನಮ್ಮವರು ಓದಿದ ಹನ್ನೊಂದು ಸಾಲನ್ನು ವಹಿಯಿಂದ ತೆಗೆದುಕೊಂಡು ಪಟ್ಟಿಗೆ ಸೇರಿಸುವುದಾಗಿ, ಅವರ ಇತರ ಕಲ್ಲುಗಳನ್ನೂ ಮತ್ತೆ ನೋಡುವುದಾಗಿ ಹೇಳಿದರು. ಆ ಹೆಣ್ಣುಮಗಳ ಹೆಸರು ಮಾತ್ರ ಎರಡಕ್ಷರದಲ್ಲೇ ನಿಂತಿತು. ಇನ್ನು ಅದು ಯಾರಿಗೂ ಸಿಗುವುದಿಲ್ಲ.

ಮ್ಯೂಸಿಯಂ ತೆರೆದ ದಿನ ಹೋಗಿ ಕಾರ್ಡು ಓದಿದೆ. ಓದಿದವರು ಎಂದು ನಮ್ಮವರ ಹೆಸರಿತ್ತು. ಕೆಳಗೆ, ಮೇಲಿನ ಸಾಲುಗಳು ಕಾಲಗತಿಯಿಂದ ಸವೆದಿವೆ ಎಂದಿತ್ತು. ಮಾಸ್ತರನನ್ನು ಕರೆದು, ಇದು ಖರೆ ಅಲ್ಲ, ಯಾರು ಕೆಡಿಸಿದರು ಎಂದು ಬರೆ ಎಂದೆ.

"ಹಂಗ ಬರೆಯಾಕ ಬರೂದಿಲ್ರಿ ಅವ್ವಾರ."

"ನಾನ ಬರಿ ಅನ್ನಾಕತ್ತೀನಲ್ಲ."

"ಮಾಸ್ತರು ಇದ್ದಿದ್ರ ಬರೆಯಾಕ ಬಿಡತಿದ್ರೇನ್ರಿ?"

ಬಿಡುತ್ತಿರಲಿಲ್ಲ. ಮನೆಗೆ ಬಂದು ಅವರ ವಹಿಯಲ್ಲಿ ಉಳಿದ ಖಾಲಿ ಪುಟಗಳಲ್ಲಿ ಇದನ್ನು ಬರೆಯಲು ಕೂತೆ. ಆ ಅಕ್ಷರಗಳು ಕಾಲದಿಂದ ಸವೆದವಲ್ಲ. ಒಂದು ಗುರುವಾರ ಮಧ್ಯಾಹ್ನ ನಾನು ಪಕ್ಕದಲ್ಲಿ ನಿಂತು ತೆಗೆಸಿದೆ.